ಬೆಳ್ಳಿಯ ಕೇರಿಯ ಹೆಣಗಳಿಗೆ ಸಂಸ್ಕಾರ ಯಾರದು?

ಗೆಳೆಯರೇ, ಸ್ವಲ್ಪ ಉದ್ದದ ಪೋಸ್ಟು. ಪೂರ್ತಿ ಓದಿ, ಬೈಯೋದಿದ್ರೆ ಆಮೇಲೆ ಬೈಯಿರಿ.

ಹೋದ ವಾರ ಅನಂತಮೂರ್ತಿಯವರ ‘ಸಂಸ್ಕಾರ’ ಮತ್ತೆ ಓದಿದೆ. 1965ರ ಕಾದಂಬರಿ. ಬ್ರಾಹ್ಮಣ್ಯದ ಬುಡ ಅಲ್ಲಾಡಿಸಿದ ಕೃತಿ ಅಂತ ಬಿ.ಎ.ಯಲ್ಲಿ ಮೇಷ್ಟ್ರು ಪಾಠ ಮಾಡಿದ್ರು. ನಾನೂ ಹಾಗೇ ಬರೆದು ಮಾರ್ಕ್ಸ್ ತಗೊಂಡಿದ್ದೆ. ಈ ಸಲ ಕಣ್ಣು ಬೇರೆ ಕಡೆ ಹೋಯಿತು.

ಕತೆ ನಿಮಗೆ ಗೊತ್ತು. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಮಾಂಸ ತಿಂದವನು, ಹೆಂಡ ಕುಡಿದವನು, ಚಂದ್ರಿಯನ್ನು ಇಟ್ಟುಕೊಂಡವನು. ಅವನ ಹೆಣಕ್ಕೆ ಬೆಂಕಿ ಇಡುವವರು ಯಾರು? ಪ್ರಾಣೇಶಾಚಾರ್ಯರು ಗ್ರಂಥ ತಿರುವುತ್ತಾರೆ, ಮಾರುತಿಯ ಮುಂದೆ ಕೂತು ಅಪ್ಪಣೆಗೆ ಕಾಯುತ್ತಾರೆ. ಹೆಣ ಹೋಗುವ ತನಕ ಅಗ್ರಹಾರಕ್ಕೆ ಊಟವಿಲ್ಲ.

ಅದೇ ಹೊತ್ತಿಗೆ ಹೊಲಗೇರಿಯಲ್ಲೂ ಜನ ಸಾಯ್ತಿದಾರೆ. ಅಲ್ಲೂ ಅದೇ ಪ್ಲೇಗು. ಸತ್ತವರನ್ನು ಒಳಗೇ ಬಿಟ್ಟು ಗುಡಿಸಲಿಗೆ ಬೆಂಕಿ ಕೊಡ್ತಾರೆ. ಅಷ್ಟೇ. ಅವರಿಗಾಗಿ ಯಾವ ಗ್ರಂಥವೂ ಬಿಚ್ಚಿಕೊಳ್ಳೋದಿಲ್ಲ, ಯಾರ ಊಟವೂ ನಿಲ್ಲೋದಿಲ್ಲ. ಈ ಸುದ್ದಿ ಹೇಳೋಕೆ ಬೆಳ್ಳಿ ಬಾಯಿ ತೆಗೆದರೆ ಶ್ರೀಪತಿಗೆ ಅವಳ ಮೈ ಬೇಕು, ಮಾತು ಬೇಡ.

ಲೇಖಕರಿಗೆ ಇದು ಕಾಣಲಿಲ್ಲ ಅಂತ ನಾನು ಹೇಳಲ್ಲ. ಶ್ರೀಪತಿಯ ಕಿವುಡನ್ನು ತೋರಿಸಿದ್ದೇ ಅವರು. ಹೆಣವನ್ನು ಕೊನೆಗೆ ರಾತ್ರೋರಾತ್ರಿ ಸುಡಿಸಿದ್ದು ಚಂದ್ರಿ, ಗಾಡಿ ತಂದು ಸುಟ್ಟವನು ಮೀನು ವ್ಯಾಪಾರದ ಸಾಬರವನು ಅಂತ ಬರೆದದ್ದೂ ಅವರೇ. ಅಗ್ರಹಾರದ ತರ್ಕವೆಲ್ಲ ಬೂದಿಯಾಗೋ ಜಾಗ ಅದು. ಅದಕ್ಕೆ ನನ್ನ ಸಲಾಮು ಇದೆ.

ನನ್ನ ಜಗಳ ಇಷ್ಟು: ಆಮೇಲೆ ಕಾದಂಬರಿಯೂ ಶ್ರೀಪತಿಯ ಹಾಗೇ ಕಿವುಡಾಗುತ್ತದೆ. ಕೊನೆಯ ಭಾಗ ಪೂರ್ತಿ ಆಚಾರ್ಯರ ಬೆನ್ನು ಹತ್ತಿ ಮೇಳಿಗೆ ಜಾತ್ರೆಗೆ ಹೋಗುತ್ತದೆ. ಅವರ ತಳಮಳ, ಅವರ ಭಯ, ಅವರ ಬಿಡುಗಡೆ. ಚಂದ್ರಿ ಇರೋದು ಆಚಾರ್ಯರನ್ನು ಎಬ್ಬಿಸೋಕೆ, ಬೆಳ್ಳಿ ಇರೋದು ಶ್ರೀಪತಿಗೆ ಸುಖ ಕೊಡೋಕೆ. ಬ್ರಾಹ್ಮಣನ ಆತ್ಮಶೋಧನೆಗೆ ನಮ್ಮ ಹೆಣ್ಣುಮಕ್ಕಳ ಮೈ ಮೆಟ್ಟಿಲಾಗಬೇಕಾ?

‘ಆ ಕಾಲ ಹಾಗಿತ್ತು’ ಅಂತೀರಿ. ಯಾವ ಕಾಲ ಸ್ವಾಮಿ? ಬಾಬಾಸಾಹೇಬರು ಮಹಾಡಿನಲ್ಲಿ ಮನುಸ್ಮೃತಿ ಸುಟ್ಟದ್ದು 1927ರಲ್ಲಿ. ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧರಾದದ್ದು 1956ರಲ್ಲಿ. ‘ಸಂಸ್ಕಾರ’ ಬಂದು ಎಂಟು ವರ್ಷಕ್ಕೆ, 1973ರಲ್ಲಿ, ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಬೀದಿಯೇ ಹೊತ್ತಿಕೊಂಡಿತು. ಅವರ ಮಂತ್ರಿ ಪದವಿಯೂ ಹೋಯಿತು. ಬೆಳ್ಳಿಯ ಮಾತು ಕೇಳಿಸದ ಸಾಹಿತ್ಯ ಯಾರಿಗೆ ಮೇವು ಅನ್ನೋದೇ ಅವತ್ತಿನ ಪ್ರಶ್ನೆಯೂ ಆಗಿತ್ತು ಅಂತ ನನಗನಿಸುತ್ತೆ.

ಈ ಸಿಟ್ಟು ಪುಸ್ತಕದಿಂದ ಮಾತ್ರ ಬಂದದ್ದಲ್ಲ. ನಮ್ಮಪ್ಪ ತೀರಿಕೊಂಡಾಗ ಮಳೆಗಾಲ. ನಮ್ಮ ಕೇರಿಯವರು ಮಣ್ಣು ಮಾಡೋ ಜಾಗಕ್ಕೆ ಒಬ್ಬರ ಗದ್ದೆ ದಾಟಿಯೇ ಹೋಗಬೇಕು. ಗದ್ದೆಯವರು ಬದುವಿನ ಮೇಲೆ ನಿಂತು ‘ಹೆಣ ಇಲ್ಲಿಂದ ಹೋಗಬಾರದು’ ಅಂದ್ರು. ಅಪ್ಪ ಆ ಗದ್ದೆಯಲ್ಲಿ ಎಷ್ಟು ವರ್ಷ ನಾಟಿ ಮಾಡಿದ್ರೋ ಲೆಕ್ಕವಿಲ್ಲ. ಕತ್ತಲಾಗೋವರೆಗೆ ಚಟ್ಟ ದಾರಿಯಲ್ಲೇ ಇತ್ತು. ಅವ್ವ ಸೆರಗಿಂದ ಅಪ್ಪನ ಮುಖದ ನೀರು ಒರೆಸ್ತಾನೇ ಇದ್ದಳು. ಕೊನೆಗೆ ಹಳ್ಳದ ಕಡೆಯಿಂದ ಸುತ್ತಿ, ಮೊಣಕಾಲುದ್ದ ನೀರಲ್ಲಿ ಹೊತ್ತು ತಗೊಂಡು ಹೋದ್ವಿ.

ನಾರಣಪ್ಪನ ಹೆಣ ಕಾದದ್ದು ಕ್ಲಾಸಿಕ್ ಆಯಿತು. ನಮ್ಮಪ್ಪನ ಹೆಣ ಕಾದದ್ದು ಒಂದು ಅರ್ಜಿಯಾಯಿತು. ಅದು ಇನ್ನೂ ಕಚೇರಿಯಲ್ಲೇ ಇದೆ.

‘ಸಂಸ್ಕಾರ’ ಓದಬೇಡಿ ಅಂತ ನಾನು ಹೇಳ್ತಿಲ್ಲ. ಓದಿ, ಪಾಠ ಮಾಡಿ. ಆದರೆ ಮೇಷ್ಟ್ರೇ, ಪರೀಕ್ಷೆಯಲ್ಲಿ ಪ್ರಾಣೇಶಾಚಾರ್ಯರ ದ್ವಂದ್ವದ ಬಗ್ಗೆ ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಬೆಳ್ಳಿ ಏನು ಹೇಳೋಕೆ ಬಂದಿದ್ದಳು?

ಸಂಗಾತಿಗಳೇ, ನಿಮ್ಮೂರಲ್ಲಿ ನಮ್ಮವರ ಸ್ಮಶಾನಕ್ಕೆ ಜಾಗ ಇದೆಯಾ, ದಾರಿ ಇದೆಯಾ? ಕಾಮೆಂಟಿನಲ್ಲಿ ಬರೀರಿ. ಅರ್ಜಿ ಎಲ್ಲರೂ ಒಟ್ಟಿಗೇ ಕೊಡೋಣ.

ಜೈಭೀಮ್.