ಸಾಮೂಹಿಕ ದಾಖಲೆ ತಿದ್ದುಪಡಿಯೂ ಅದರ ಕೈಪಿಡಿಯೂ

ಬಾಳೆಹೊನ್ನೂರಿನ ಸುತ್ತಲಿನ ಸೀಮೆಯಲ್ಲಿ ಒಂದೇ ಹಿಡುವಳಿಯೊಳಗೆ ಅಡಕೆ, ಅದರ ಮರಕ್ಕೆ ಹಬ್ಬಿದ ಮೆಣಸು, ನೆರಳಿನಲ್ಲಿ ಕಾಫಿ, ತಗ್ಗಿನಲ್ಲಿ ಬತ್ತ ಇರುವುದು ಸಾಮಾನ್ಯವಾದ ಸಂಗತಿ. ಇವು ದಾಖಲೆಯಲ್ಲಿ ಸರಿಯಾಗಿ ನಮೂದಾಗಿದ್ದರೆ ಮಾತ್ರ ಬೆಳೆಸಾಲ, ಹವಾಮಾನಾಧಾರಿತ ಬೆಳೆವಿಮೆ, ಅತಿವೃಷ್ಟಿಯ ಪರಿಹಾರ ಮೊದಲಾದವು ರೈತನಿಗೆ ತೊಡಕಿಲ್ಲದೆ ದೊರೆಯುವುವು. ಆದುದರಿಂದ ದಾಖಲೆಯನ್ನು ತಿದ್ದುವ ಸಾಧನದ ವಿಚಾರವು ಕೇವಲ ಕಚೇರಿಯ ವಿಚಾರವಲ್ಲ. ಅದು ರೈತನ ಅನ್ನದ ವಿಚಾರವೂ ಹೌದು.

ಹಿಂದೆ ಶ್ಯಾನುಭೋಗರು ಒಂದೊಂದು ಸಾಲನ್ನೂ ಕೈಯಿಂದ ಬರೆಯುತ್ತಿದ್ದರು. 2000ನೆಯ ಇಸವಿಯಲ್ಲಿ ಆರಂಭವಾದ ಭೂಮಿ ಯೋಜನೆಯಿಂದ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದುವು. 2020ರಲ್ಲಿ ರೈತರೇ ತಮ್ಮ ಬೆಳೆಯ ವಿವರವನ್ನು ಮೊಬೈಲಿನ ಮೂಲಕ ಸಲ್ಲಿಸುವ ಏರ್ಪಾಡೂ ಆಯಿತು. ಈಗ ಲೋಕದ ಅನೇಕ ಕಚೇರಿಗಳಲ್ಲಿ ಕೃತಕ ಬುದ್ಧಿಮತ್ತೆಯ ಏಜೆಂಟುಗಳ ಕೈಗೆ ಸಾಮೂಹಿಕ ತಿದ್ದುಪಡಿಯ ಉಪಕರಣವನ್ನು ಕೊಡುವ ಪದ್ಧತಿ ಬರುತ್ತಿದೆ. ಒಂದೇ ಆಜ್ಞೆಯಿಂದ ಸಾವಿರಾರು ದಾಖಲೆಗಳು ಬದಲಾಗುವುವು. ಇದರಿಂದಾಗುವ ಅನುಕೂಲವು ದೊಡ್ಡದು. ಆದರೆ ಉಪಕರಣದ ಕೈಪಿಡಿಯು ಚೆನ್ನಾಗಿಲ್ಲದಿದ್ದರೆ ಕೇಡೂ ಅಷ್ಟೇ ದೊಡ್ಡದು.

ಅನುಭವಸ್ಥನಾದ ಗುಮಾಸ್ತನು ಕೈಪಿಡಿಯಲ್ಲಿ ಬರೆಯದೆ ಬಿಟ್ಟುದನ್ನು ತನ್ನ ತಿಳಿವಳಿಕೆಯಿಂದ ತುಂಬಿಕೊಳ್ಳುವನು. ಏಜೆಂಟಾದರೋ ಆ ಉಪಕರಣದ ವಿಷಯದಲ್ಲಿ ಬರೆದುಕೊಟ್ಟ ವಿವರಣೆಯನ್ನೇ ನೆಚ್ಚಿ ನಡೆಯುವುದು, ಬರೆಯದಿದ್ದುದನ್ನು ಊಹಿಸುವುದು. 2024ರ ನವೆಂಬರಿನಲ್ಲಿ ಪ್ರಕಟವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಪದ್ಧತಿಯಲ್ಲಿ ಪ್ರತಿಯೊಂದು ಉಪಕರಣವೂ ತನ್ನ ಹೆಸರು, ವಿವರಣೆ ಮತ್ತು ತನಗೆ ಬೇಕಾದ ಅಂಶಗಳನ್ನು ಏಜೆಂಟಿಗೆ ತಿಳಿಸುವುದು. ಆ ವಿವರಣೆಯೇ ಏಜೆಂಟಿಗೆ ಗುರು, ಅದೇ ಕಾನೂನು.

ಇಂಥ ಕೈಪಿಡಿಯಲ್ಲಿ ಅಳತೆಯ ರೂಪವನ್ನು ಮೊದಲು ಹೇಳತಕ್ಕದ್ದು. ಪಹಣಿಯಲ್ಲಿ 1.20 ಎಂದರೆ 1 ಎಕರೆ 20 ಗುಂಟೆ, ಅಂದರೆ ಒಂದೂವರೆ ಎಕರೆ. ಇದನ್ನು ದಶಮಾಂಶವೆಂದು ಓದಿದರೆ 1 ಎಕರೆ 8 ಗುಂಟೆಯಾಗಿ, 12 ಗುಂಟೆ ಜಮೀನು ಲೆಕ್ಕದಿಂದ ಮಾಯವಾಗುವುದು. ಒಂದು ದಾಖಲೆಯಲ್ಲಿ ಹೀಗಾದರೆ ಅದು ತಪ್ಪು. ಒಂದು ಹೋಬಳಿಯಲ್ಲೇ ಹೀಗಾದರೆ ಅನರ್ಥ.

ಎರಡನೆಯದು ಇನ್ನೂ ಮುಖ್ಯವಾದುದು. ಬೆಳೆಯ ಅಂಶಕ್ಕೆ ಮೆಣಸು ಎಂದು ಕಳುಹಿಸಿದರೆ, ಅದು ಇದ್ದ ಅಡಕೆಯ ಜೊತೆಗೆ ಸೇರುವುದೋ, ಅಡಕೆಯನ್ನು ಅಳಿಸಿ ಆ ಸ್ಥಾನದಲ್ಲಿ ಕೂರುವುದೋ? ಖಾಲಿ ಬಿಟ್ಟ ಅಂಶವು ಇದ್ದಂತೆ ಇರಲಿ ಎಂದೋ, ಅಳಿಸು ಎಂದೋ? ಏಕಬೆಳೆಯ ಬಯಲುಸೀಮೆಯಲ್ಲಿ ಈ ಸಂದೇಹವು ಅಷ್ಟಾಗಿ ಬಾಧಿಸದಿರಬಹುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮಿಶ್ರತೋಟಗಳಲ್ಲಿ ಮಾತ್ರ, ಮೆಣಸನ್ನು ಸೇರಿಸಹೋಗಿ ಅಡಕೆಯನ್ನೇ ಕಳೆದಂತಾಗುವುದು. ಕೊಳೆರೋಗದ ವರ್ಷದಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿದಾಗಲೇ ಅದು ರೈತನಿಗೆ ಗೊತ್ತಾಗುವುದು.

ಮೂರನೆಯದಾಗಿ, ದಾಖಲೆಯನ್ನು ಯಾವುದರಿಂದ ಗುರುತಿಸಬೇಕೆಂಬುದು. ಒಂದೇ ಹೆಸರಿನವರು ಒಂದೇ ಗ್ರಾಮದಲ್ಲಿ ಹಲವರಿರುವರು. ಸರ್ವೆ ನಂಬರು 45 ಎಂಬುದು ಗ್ರಾಮಗ್ರಾಮಕ್ಕೂ ಬೇರೆ ಇರುವುದು. ಗ್ರಾಮ, ಸರ್ವೆ ನಂಬರು, ಹಿಸ್ಸಾ ಮೂರೂ ಕೂಡದೆ ತಿದ್ದುಪಡಿ ನಡೆಯಕೂಡದೆಂದು ಬರೆದಿರಬೇಕು.

ನಾಲ್ಕನೆಯದಾಗಿ, ಕೆಲಸವು ಅರ್ಧಕ್ಕೆ ನಿಂತರೆ ಏನು? 500 ದಾಖಲೆಗಳಲ್ಲಿ 460 ತಿದ್ದಿ 40 ತಿರಸ್ಕೃತವಾದರೆ, ಆದ 460 ನಿಲ್ಲುವುವೋ, ಹಿಂದಕ್ಕೆ ಹೋಗುವುವೋ? ಆಜ್ಞೆಯನ್ನು ಮತ್ತೊಮ್ಮೆ ಕೊಟ್ಟರೆ ಒಂದೇ ಬೆಳೆ ಎರಡು ಸಲ ಸೇರುವುದೋ? ಇದಕ್ಕೆ ಉತ್ತರವಿಲ್ಲದ ಕೈಪಿಡಿಯು ಅಪೂರ್ಣ.

ಇವುಗಳ ಜೊತೆಗೆ, ಬರೆಯುವ ಮುನ್ನ ಎಷ್ಟು ದಾಖಲೆಗಳು ಹೇಗೆ ಬದಲಾಗುವುವೆಂದು ತೋರಿಸುವ ಪರೀಕ್ಷಾಕ್ರಮ, ಒಂದು ಸಲಕ್ಕೆ ಇಷ್ಟೇ ಎಂಬ ಮಿತಿ, ಹಳೆಯ ನಮೂದನ್ನು ಉಳಿಸಿ ಹಿಂತಿರುಗಿಸುವ ಮಾರ್ಗ, ಇವೂ ಉಪಕರಣದಲ್ಲಿದ್ದು ಕೈಪಿಡಿಯಲ್ಲಿ ವಿವರಿಸಲ್ಪಟ್ಟಿರಬೇಕು. ಭೂಮಿ ಯೋಜನೆಯಲ್ಲಿ ತಿದ್ದಿದವನು ತಾನಲ್ಲವೆಂದು ಜಾರಿಕೊಳ್ಳದಂತೆ ನೌಕರರ ಬೆರಳಚ್ಚನ್ನು ಬಳಸಿದರು. ಅದೇ ನ್ಯಾಯವು ಏಜೆಂಟಿಗೂ ಸಲ್ಲಬೇಕು: ಪ್ರತಿಯೊಂದಕ್ಕೂ ಪ್ರತ್ಯೇಕ ಗುರುತು, ಅದರ ಹಿಂದೆ ಹೊಣೆಗಾರನಾದ ಒಬ್ಬ ಅಧಿಕಾರಿ. ಹಕ್ಕಿನ ಬದಲಾವಣೆಗಳಂತೂ ನೋಟೀಸು, ತಕರಾರುಗಳ ಕ್ರಮವನ್ನು ಅನುಸರಿಸಿಯೇ ಆಗತಕ್ಕವು. ಅವನ್ನು ಈ ಉಪಕರಣದ ಹೊರಗಿಡುವುದೇ ಲೇಸು.

ಇಷ್ಟೆಲ್ಲ ಬರೆಯುತ್ತ ಕುಳಿತರೆ ಕೆಲಸ ತಡವಾಗುವುದೆಂದು ಕೆಲವರು ಆಕ್ಷೇಪಿಸಬಹುದು. ತಡವಾಗುವುದು ನಿಜ. ಆದರೆ ಕೈಪಿಡಿಗೆ ಹಿಡಿಯುವ ಕೆಲವು ದಿನಗಳನ್ನು ಉಳಿಸಹೋದರೆ, ಆ ದಿನಗಳನ್ನು ರೈತರು ಮಳೆಗಾಲದಲ್ಲಿ ಔಷಧಿ ಹೊಡೆಯುವ ಕೆಲಸ ಬಿಟ್ಟು ತಾಲ್ಲೂಕು ಕಚೇರಿಯ ಬಾಗಿಲಲ್ಲಿ ನಿಂತು ತೆರಬೇಕಾಗುವುದು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಸ್ಥಾಪಿತವಾದ ಕಾಫಿ ಸಂಶೋಧನ ಕೇಂದ್ರವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ: ಗಿಡಗಳ ಗುರುತು ಅದಲುಬದಲಾದರೆ ಹಲವು ವರ್ಷಗಳ ಪ್ರಯೋಗವು ವ್ಯರ್ಥವಾಗುವುದು.

ಆದುದರಿಂದ ಇಂಥ ಉಪಕರಣವನ್ನು ಜಾರಿಗೆ ತರುವವರು ಕೈಪಿಡಿಯನ್ನು ಮೊದಲು ಬರೆದು, ಅದನ್ನು ಗ್ರಾಮ ಆಡಳಿತಾಧಿಕಾರಿಗಳಿಗೂ ಕೃಷಿ ಸಿಬ್ಬಂದಿಗೂ ಓದಿಸಿ, ಒಂದು ಗ್ರಾಮದ ನಕಲು ದಾಖಲೆಗಳ ಮೇಲೆ ಪರೀಕ್ಷಿಸಿ, ಆಮೇಲೆ ಏಜೆಂಟಿನ ಕೈಗೆ ಕೊಡಬೇಕು. ರೈತಬಾಂಧವರೂ ಪ್ರತಿ ಹಂಗಾಮಿನಲ್ಲಿ ತಮ್ಮ ಪಹಣಿಯನ್ನು ಒಮ್ಮೆ ತೆಗೆಸಿ, ವಿಸ್ತೀರ್ಣವನ್ನೂ ಬೆಳೆಯನ್ನೂ ನೋಡಿಕೊಳ್ಳುವುದು ಕ್ಷೇಮಕರ.