ತಂದು ಕೊಟ್ಟಾವನ ಮುಖ

ದೀಪಾವಳಿಗೆ ಊರಿಗೆ ಹೊರಟಿದ್ದೆ. ವಿಜಯಪುರದಲ್ಲಿ ಟಿಕೋಟಾ ಬಸ್ ಹತ್ತಿ ಫೋನ್ ತೆಗೆದರೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಬಬಲೇಶ್ವರದ ಕಾಕಾನ ಫಾರ್ವರ್ಡ್. ಬೆಳೆಸಾಲ ಮನ್ನಾ ಆಗಿದೆಯಂತೆ, ಲಿಂಕ್ ಒತ್ತಿ ಹೆಸರು ತುಂಬಬೇಕಂತೆ. ‘ಇದು ಸುಳ್ಳು, ಯಾರೂ ಒತ್ತಬೇಡಿ’ ಎಂದು ಹಾಕಿದೆ. ಮನೆ ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಬಂದಿತ್ತು: ಎಲ್ಲರೆದುರು ಮರ್ಯಾದೆ ತೆಗೆದ ಎಂದು ಕಾಕಾ ಸಿಟ್ಟಾಗಿದ್ದಾರೆ.

ತೊಂಬತ್ತು ದಾಟಿದ ಅಜ್ಜ ನಕ್ಕರು. “ನಾ ಸಣ್ಣಾವಿದ್ದಾಗನೂ ಹೆಸರಿಲ್ಲದ ಕಾಗದ ಬರ್ತಿದ್ವು. ಓದಿದ ಕೂಡ್ಲೇ ಒಲಿಗೆ. ಮನ್ಯಾಗ ಸಿಕ್ರ ಜೇಲು.”

ಅಜ್ಜ ಹೇಳಿದ್ದು 1942ರ ಮಾತು. ಆಗಸ್ಟ್ 9ರಂದು ಗಾಂಧೀಜಿಯನ್ನು ಹಿಡಿದರು, ಅವರ ‘ಹರಿಜನ’ ಪತ್ರಿಕೆ ನಿಂತಿತು, ಉಳಿದ ಪತ್ರಿಕೆಗಳ ಮೇಲೆ ಸರ್ಕಾರದ ಕಣ್ಣು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಅದೇ ಮುಂಬಯಿಯಲ್ಲಿ 22 ವರ್ಷದ ಉಷಾ ಮೆಹ್ತಾ ಮತ್ತು ಗೆಳೆಯರು ಕಾಂಗ್ರೆಸ್ ರೇಡಿಯೋ ನಡೆಸಿದರು. ಸಿಕ್ಕಿಬೀಳದಿರಲು ಮನೆಯಿಂದ ಮನೆಗೆ ಯಂತ್ರ ಹೊತ್ತರು. ನವೆಂಬರ್ 12ಕ್ಕೆ ಪೊಲೀಸರು ಬಾಗಿಲು ಒಡೆದರು. ಉಷಾಗೆ ನಾಲ್ಕು ವರ್ಷ ಜೈಲು.

ಹಳ್ಳಿಗೆ ರೇಡಿಯೋ ಎಲ್ಲಿಯದು? ಇಲ್ಲಿ ಸೈಕ್ಲೋಸ್ಟೈಲ್ ಪತ್ರಿಕೆಗಳೇ. ಮೇಣದ ಕಾಗದದ ಮೇಲೆ ಮೊನೆಯಿಂದ ಗೀರಿ ಬರೆಯುವುದು, ಗೀರಿದಲ್ಲಿ ಮಾತ್ರ ಮೇಣ ಹೋಗುತ್ತದೆ; ಮೇಲೆ ಶಾಯಿಯ ರೋಲರ್ ಎಳೆದರೆ ಅಕ್ಷರ ಕೆಳಗಿನ ಹಾಳೆಗೆ ಇಳಿಯುತ್ತದೆ. ಕನ್ನಡ ಟೈಪ್‌ರೈಟರ್ ಅಪರೂಪ, ಹಾಗಾಗಿ ಕೈಬರಹವೇ ಗತಿ. ಹೆಸರು ಮುಚ್ಚಿಟ್ಟರೂ ಅಕ್ಷರ ಬರೆದವನದ್ದೇ! ನಾನು ದಿನಾ ಪಾಸ್‌ವರ್ಡ್, ಎನ್‌ಕ್ರಿಪ್ಶನ್ ಅಂತ ಒದ್ದಾಡುವವನು, ಈ ಅಪಾಯ ನನಗೆ ಹೊಳೆದೇ ಇರಲಿಲ್ಲ.

“ಹೆಸರಿಲ್ಲದ ಕಾಗದ ಖರೇ ಅಂತ ಹೆಂಗ ಗೊತ್ತಾಗ್ತಿತ್ತು ಅಜ್ಜಾ?”

“ತಂದು ಕೊಟ್ಟಾವನ ಮುಖ ನೋಡಿ.”

ಕಾಕಾನ ಮುಖ ನೋಡಿಯೇ ನಮ್ಮ ಅತ್ತೆ ಆ ಲಿಂಕ್ ಒತ್ತಲು ಹೊರಟಿದ್ದರು. ಆದರೆ ಅಂದು ಕಾಗದ ತಂದವನು ಸಿಕ್ಕಿದ್ದರೆ ಜೈಲಿಗೆ ಹೋಗುತ್ತಿದ್ದ. ಕಾಕಾನಿಗೆ ಖರ್ಚಾಗಿದ್ದು ಒಂದು ಬೆರಳೊತ್ತು.

ಹಾಗಂತ ಗುಟ್ಟಿನ ಕಾಗದವೆಲ್ಲ ಪವಿತ್ರ ಅಂತ ನಾನೂ ಹೇಳುವುದಿಲ್ಲ. ಗಾಂಧೀಜಿಗೇ ಅದು ಒಪ್ಪಿಗೆ ಇರಲಿಲ್ಲ. 1944ರ ಮೇ ತಿಂಗಳಲ್ಲಿ ಬಿಡುಗಡೆಯಾದ ಮೇಲೆ, ಭೂಗತರಾಗಿರುವವರು ಹೊರಬಂದು ಶರಣಾಗಲಿ ಎಂದರು. 1921ರಲ್ಲಿ ಧಾರವಾಡದಲ್ಲಿ ‘ಕರ್ಮವೀರ’ ಆರಂಭಿಸಿದ ರಂಗನಾಥ ದಿವಾಕರರು ಆ ಹೊತ್ತಿಗೆ ಭೂಗತರಾಗಿದ್ದರು. ಆ ಮಾತಿನಂತೆ ಶರಣಾದರು. ಎರಡು ವರ್ಷ ಅಡಗಿ ಕೆಲಸ ಮಾಡಿದವರಿಗೆ ಅದು ಕಷ್ಟದ ಮಾತೇ. ನನಗೆ ಕೇಳಿದರೆ, ಬಾಯಿ ಕಟ್ಟಿದ ಹೊತ್ತಿನಲ್ಲಿ ಬೇರೆ ದಾರಿ ಇರಲಿಲ್ಲ.

ಮರುದಿನ ಬಬಲೇಶ್ವರಕ್ಕೆ ಹೋದೆ. ಕೈಯಲ್ಲಿ ನಮ್ಮ ತೋಟದ ಒಣದ್ರಾಕ್ಷಿ, ಬಾಯಲ್ಲಿ ಒಂದೇ ಪ್ರಶ್ನೆ.

“ಕಾಕಾ, ಅದನ್ನ ನಿಮಗ ಯಾರು ಕಳಿಸಿದ್ರು?”

ಕಾಕಾ ಫೋನಿನಲ್ಲಿ ಬಹಳ ಹೊತ್ತು ಹುಡುಕಿದರು. “ಗೊತ್ತಿಲ್ಲಪಾ, ಯಾವುದೋ ಗ್ರೂಪಿನ್ಯಾಗ ಬಂದಿತ್ತು,” ಎಂದು ಫೋನ್ ಮಗುಚಿಟ್ಟು, ಚಹಾ ಮಾಡಲು ಒಳಗೆ ಕೂಗಿ ಹೇಳಿದರು.