ಸ್ತನ ಕ್ಯಾನ್ಸರ್: ಬದಲಾಗುವ ಚಿಕಿತ್ಸೆ, ಬದಲಾಗದ ಮೌನ

ಅಕ್ಟೋಬರ್ ತಿಂಗಳು ಬಂತೆಂದರೆ ನಗರಗಳಲ್ಲಿ ಗುಲಾಬಿ ರಿಬ್ಬನ್ನುಗಳು ಕಾಣಿಸಿಕೊಳ್ಳುತ್ತವೆ. ಸ್ತನ ಕ್ಯಾನ್ಸರ್ ಜಾಗೃತಿಗಾಗಿ ಜಾಥಾಗಳು, ಓಟಗಳು, ಉಚಿತ ತಪಾಸಣಾ ಶಿಬಿರಗಳು ನಡೆಯುತ್ತವೆ. ಬೇಗ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಹೆಚ್ಚು ಎಂಬ ಸಂದೇಶ ಎಲ್ಲೆಡೆ ಕೇಳಿಬರುತ್ತದೆ. ಸಂದೇಶ ಸರಿಯಾದುದೇ. ಆದರೆ ರೋಗ ಪತ್ತೆಯಾದ ಮರುದಿನದಿಂದ ಆರಂಭವಾಗಿ ವರ್ಷಗಟ್ಟಲೆ ಮುಂದುವರಿಯುವ ಚಿಕಿತ್ಸೆಯ ಬಗ್ಗೆ ಈ ಪ್ರಚಾರದಲ್ಲಿ ಮಾತು ಕಡಿಮೆ. ಆ ಹಾದಿಯಲ್ಲಿ ಮೊದಲ ದಿನ ಹೇಳಿದ ಯೋಜನೆ ಕೊನೆಯವರೆಗೂ ಹಾಗೆಯೇ ಉಳಿಯುವುದಿಲ್ಲ ಎಂಬುದನ್ನು ರೋಗಿಗೆ ಮುಂಚಿತವಾಗಿ ತಿಳಿಸುವವರು ವಿರಳ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 98 ಸಾವಿರ ಮಂದಿ ಇದಕ್ಕೆ ಬಲಿಯಾದರು. ದೇಶದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಇದೇ. ಇಷ್ಟೊಂದು ಕುಟುಂಬಗಳು ಎದುರಿಸುವ ಅನಿಶ್ಚಿತತೆಯನ್ನು ಒಬ್ಬೊಬ್ಬರ ಮನೋಬಲದ ಪ್ರಶ್ನೆ ಎಂದಷ್ಟೇ ನೋಡುವುದು ಸರಿಯಲ್ಲ. ಅದು ಆರೋಗ್ಯ ವ್ಯವಸ್ಥೆಯ ಪ್ರಶ್ನೆಯೂ ಹೌದು.

ಯೋಜನೆ ಬದಲಾಗುವುದೇಕೆ?

ಸ್ತನ ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ. ಗಡ್ಡೆಯ ಕಣಗಳಲ್ಲಿ ಹಾರ್ಮೋನು ಗ್ರಾಹಕಗಳಿವೆಯೇ, ಹರ್-2 ಎಂಬ ಪ್ರೋಟೀನು ಅಧಿಕವಾಗಿದೆಯೇ, ಕಂಕುಳಿನ ದುಗ್ಧರಸ ಗ್ರಂಥಿಗಳಿಗೆ ರೋಗ ಹಬ್ಬಿದೆಯೇ ಎಂಬುದರ ಮೇಲೆ ಚಿಕಿತ್ಸೆ ನಿರ್ಧಾರವಾಗುತ್ತದೆ. ಈ ಮಾಹಿತಿಯೆಲ್ಲವೂ ಒಂದೇ ದಿನ ಕೈಗೆ ಬರುವುದಿಲ್ಲ. ಬಯಾಪ್ಸಿಯಲ್ಲಿ ದೊರೆಯುವುದು ಗಡ್ಡೆಯ ಒಂದು ಸಣ್ಣ ತುಣುಕಿನ ವಿವರ. ಶಸ್ತ್ರಚಿಕಿತ್ಸೆಯ ನಂತರ ಇಡೀ ಗಡ್ಡೆಯನ್ನೂ ಗ್ರಂಥಿಗಳನ್ನೂ ಪರೀಕ್ಷಿಸಿದಾಗ ಚಿತ್ರಣ ಬೇರೆಯಾಗಿರಬಹುದು. ಕಿಮೊಥೆರಪಿ ಬೇಡವೆಂದುಕೊಂಡಿದ್ದವರಿಗೆ ಅದು ಅಗತ್ಯವಾಗಬಹುದು. ಗಡ್ಡೆಯನ್ನಷ್ಟೇ ತೆಗೆದರೆ ಸಾಕೆಂದಿದ್ದವರಿಗೆ ಮತ್ತೊಂದು ಶಸ್ತ್ರಚಿಕಿತ್ಸೆಯ ಸಲಹೆ ಬರಬಹುದು.

ಶಸ್ತ್ರಚಿಕಿತ್ಸೆಗೆ ಮೊದಲೇ ಔಷಧ ನೀಡುವ ಕ್ರಮದಲ್ಲಿ ಈ ಬದಲಾವಣೆ ಚಿಕಿತ್ಸೆಯ ಭಾಗವೇ ಆಗಿದೆ. ಹರ್-2 ಅಧಿಕವಿರುವ ರೋಗಿಗಳಲ್ಲಿ ಔಷಧದ ಬಳಿಕವೂ ಗಡ್ಡೆಯ ಅಂಶ ಉಳಿದಿದ್ದರೆ ಮುಂದೆ ಬೇರೆ ಔಷಧಕ್ಕೆ ಬದಲಾಯಿಸುವುದು ಒಳಿತೆಂದು 2018ರಲ್ಲಿ ಪ್ರಕಟವಾದ ಕ್ಯಾಥರೀನ್ ಎಂಬ ಅಂತರರಾಷ್ಟ್ರೀಯ ಪ್ರಯೋಗ ತೋರಿಸಿಕೊಟ್ಟಿತು. ಹಾಗೆ ಬದಲಾಯಿಸಿದವರಲ್ಲಿ ರೋಗ ಮರುಕಳಿಸುವ ಅಥವಾ ಸಾವಿಗೀಡಾಗುವ ಅಪಾಯ ಸುಮಾರು ಅರ್ಧಕ್ಕಿಳಿಯಿತು. ಅಂದರೆ 'ಮೊದಲಿನ ಔಷಧ ಪೂರ್ತಿ ಫಲ ನೀಡಲಿಲ್ಲ' ಎಂಬ ಕಹಿ ಸುದ್ದಿಯೇ ಸರಿಯಾದ ಮುಂದಿನ ಹೆಜ್ಜೆಗೆ ದಾರಿ ತೋರಿಸಿತು.

ದೇಹದ ಪ್ರತಿಕ್ರಿಯೆ ಮತ್ತೊಂದು ಕಾರಣ. ಕಿಮೊಥೆರಪಿಯಿಂದ ಬಿಳಿರಕ್ತಕಣಗಳು ಇಳಿದಾಗ ಮುಂದಿನ ಸರದಿಯನ್ನು ಮುಂದೂಡಬೇಕಾಗುತ್ತದೆ. ಟ್ರಾಸ್ಟುಜುಮ್ಯಾಬ್ ಪಡೆಯುವವರಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಹೃದಯದ ಎಕೋ ಪರೀಕ್ಷೆ ನಡೆಯುತ್ತದೆ. ಹೃದಯದ ಶಕ್ತಿ ಕುಗ್ಗಿದ್ದರೆ ಔಷಧವನ್ನು ಕೆಲಕಾಲ ನಿಲ್ಲಿಸುತ್ತಾರೆ. ಹಾರ್ಮೋನು ಮಾತ್ರೆಗಳನ್ನು ಐದರಿಂದ ಹತ್ತು ವರ್ಷ ಸೇವಿಸಬೇಕಾಗುವುದರಿಂದ, ಮುಟ್ಟು ನಿಂತ ನಂತರ ಮಾತ್ರೆಯೇ ಬದಲಾಗುವುದೂ ಉಂಟು.

ಕಡಿಮೆಯೆಂದರೆ ಕಡೆಗಣನೆಯಲ್ಲ

ಎಲ್ಲ ಬದಲಾವಣೆಗಳೂ ಹೊರೆಯನ್ನು ಹೆಚ್ಚಿಸುವಂಥವಲ್ಲ. ಹಾರ್ಮೋನು ಗ್ರಾಹಕಗಳಿರುವ, ಗ್ರಂಥಿಗಳಿಗೆ ಹಬ್ಬದ ರೋಗದಲ್ಲಿ, ಜೀನ್ ಪರೀಕ್ಷೆಯ ಅಂಕ ಮಧ್ಯಮ ಪ್ರಮಾಣದಲ್ಲಿರುವ ಹೆಚ್ಚಿನ ಮಹಿಳೆಯರಿಗೆ ಕಿಮೊಥೆರಪಿಯ ಅಗತ್ಯವಿಲ್ಲವೆಂದು 2018ರ ಟೇಲರ್-ಎಕ್ಸ್ ಪ್ರಯೋಗ ತಿಳಿಸಿತು. ಐವತ್ತರೊಳಗಿನ ಕೆಲವರಿಗೆ ಮಾತ್ರ ಅದರಿಂದ ಸ್ವಲ್ಪ ಲಾಭ ಕಂಡುಬಂದಿತು. ಐದು ವಾರಗಳ ವಿಕಿರಣ ಚಿಕಿತ್ಸೆ ಅನೇಕರ ಪಾಲಿಗೆ ಮೂರು ವಾರಗಳಿಗೆ ಇಳಿದಿದೆ. ಒಂದೇ ವಾರದ ಐದು ಸರದಿಗಳೂ ಆಯ್ದ ರೋಗಿಗಳಿಗೆ ಸಾಕೆಂದು ಬ್ರಿಟನ್ನಿನ ಪ್ರಯೋಗವೊಂದು 2020ರಲ್ಲಿ ವರದಿ ಮಾಡಿತು. ಆದರೆ ಕಾರಣ ತಿಳಿಯದ ಕುಟುಂಬಕ್ಕೆ ಚಿಕಿತ್ಸೆ ಕಡಿಮೆಯಾದರೂ ಆತಂಕ, ಹೆಚ್ಚಾದರೂ ಆತಂಕ. ಕಡಿಮೆ ಮಾಡಿದರೆ 'ಕೈಬಿಟ್ಟರೇ?' ಎಂಬ ಶಂಕೆ, ಹೆಚ್ಚಿಸಿದರೆ 'ರೋಗ ಉಲ್ಬಣಿಸಿತೇ?' ಎಂಬ ಭೀತಿ.

ಎರಡು ಬಗೆಯ ಅನಿಶ್ಚಿತತೆ

ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸುವುದು ಅಗತ್ಯ. ರೋಗ ಮರುಕಳಿಸುವುದೋ ಇಲ್ಲವೋ, ಔಷಧಕ್ಕೆ ದೇಹ ಹೇಗೆ ಸ್ಪಂದಿಸುವುದೋ ಎಂಬುದನ್ನು ಯಾವ ತಜ್ಞರೂ ಖಚಿತವಾಗಿ ಹೇಳಲಾರರು. ಇದು ರೋಗದ ಸ್ವಭಾವದಿಂದಲೇ ಹುಟ್ಟುವ ಅನಿಶ್ಚಿತತೆ. ಇದರೊಂದಿಗೆ ಬಾಳುವುದನ್ನು ಕಲಿಯಬೇಕೇ ಹೊರತು ತೊಡೆದುಹಾಕಲಾಗದು. ಆದರೆ ಸರದಿಯನ್ನು ಏಕೆ ಮುಂದೂಡಲಾಯಿತು, ಹೊಸ ಔಷಧದ ವೆಚ್ಚ ಎಷ್ಟು, ಯೋಜನೆಯಡಿ ಅದು ದೊರೆಯುವುದೇ, ರಾತ್ರಿ ಜ್ವರ ಬಂದರೆ ಯಾರನ್ನು ಕೇಳಬೇಕು ಎಂಬುದು ತಿಳಿಯದೆ ಹುಟ್ಟುವ ಅನಿಶ್ಚಿತತೆ ಮನುಷ್ಯನಿರ್ಮಿತ. ಅದನ್ನು ನಿವಾರಿಸಲು ಸಾಧ್ಯವಿದೆ.

ಅಮೆರಿಕದ ಶುಶ್ರೂಷಾ ವಿಜ್ಞಾನಿ ಮೆರ್ಲ್ ಮಿಶೆಲ್ 1988ರಲ್ಲಿ ಮಂಡಿಸಿದ ಸಿದ್ಧಾಂತ ಈ ವಿಷಯದಲ್ಲಿ ಮುಖ್ಯವಾದುದು. ಅನಿಶ್ಚಿತತೆ ತಾನಾಗಿಯೇ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ರೋಗಿ ಅದನ್ನು ಅಪಾಯವೆಂದು ಗ್ರಹಿಸುತ್ತಾಳೋ ಅವಕಾಶವೆಂದು ಗ್ರಹಿಸುತ್ತಾಳೋ ಎಂಬುದೇ ನಿರ್ಣಾಯಕ ಎಂಬುದು ಅದರ ತಿರುಳು. ಆ ಗ್ರಹಿಕೆಯನ್ನು ರೂಪಿಸುವಲ್ಲಿ ವೈದ್ಯರು ಮತ್ತು ದಾದಿಯರು ನೀಡುವ ವಿವರಣೆಯ ಪಾತ್ರ ದೊಡ್ಡದು. 'ಧೈರ್ಯವಾಗಿರಿ' ಎಂಬ ಬಂಧುಗಳ ಮಾತು ಸದುದ್ದೇಶದ್ದೇ ಆದರೂ ವಿವರಣೆಯ ಸ್ಥಾನವನ್ನು ಅದು ತುಂಬಲಾರದು. ಎಷ್ಟೋ ಮನೆಗಳಲ್ಲಿ ವರದಿಯ ವಿವರ ಗಂಡನಿಗೋ ಮಗನಿಗೋ ಗೊತ್ತಿರುತ್ತದೆ, ರೋಗಿಗೇ ಗೊತ್ತಿರುವುದಿಲ್ಲ. ರಕ್ಷಣೆಯ ಹೆಸರಿನ ಈ ಮೌನ ಆಕೆಯ ಕಲ್ಪನೆಯ ಭಯವನ್ನೇ ಹೆಚ್ಚಿಸುತ್ತದೆ.

ಮನಸ್ಸಿನ ನೋವನ್ನು ಅಳೆಯಲು ಸರಳ ವಿಧಾನವೂ ಇದೆ. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಕಳೆದ ವಾರದ ಸಂಕಟವನ್ನು ಗುರುತಿಸುವಂತೆ ರೋಗಿಯನ್ನು ಕೇಳುವುದು, ನಾಲ್ಕು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಪ್ತಸಲಹೆಗೆ ಕಳುಹಿಸುವುದು. ಒಂದು ನಿಮಿಷದ ಈ ಪ್ರಶ್ನೆಗೆ ಯಂತ್ರವೂ ಬೇಡ, ವೆಚ್ಚವೂ ಇಲ್ಲ. ಆಸ್ಪತ್ರೆಗೆ ಹೋಗಲಾಗದವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಇದರ ರಾಷ್ಟ್ರೀಯ ನೋಡಲ್ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.

ಹಣ ಮತ್ತು ದೂರ

ಚಿಕಿತ್ಸೆ ಬದಲಾದಾಗ ಲೆಕ್ಕಾಚಾರವೂ ಬದಲಾಗುತ್ತದೆ. ರಾಜ್ಯದಲ್ಲಿ 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಲಭ್ಯ. ಉಳಿದವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ, ಅದೂ 1.5 ಲಕ್ಷ ರೂಪಾಯಿ ಮಿತಿಯೊಳಗೆ ದೊರೆಯುತ್ತದೆ. ಬೆಂಗಳೂರಿನ ಬಯೋಕಾನ್ ಕಂಪನಿ 2014ರಲ್ಲಿ ಟ್ರಾಸ್ಟುಜುಮ್ಯಾಬ್‌ನ ಸಮರೂಪಿ ಔಷಧವನ್ನು ಮಾರುಕಟ್ಟೆಗೆ ತಂದ ಬಳಿಕ ಆ ಚಿಕಿತ್ಸೆ ಹೆಚ್ಚು ಜನರ ಕೈಗೆಟುಕಿತು. ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕನ್ ಎಂಬ ಹೊಸ ಔಷಧದ ಮೇಲಿನ ಆಮದು ಸುಂಕವನ್ನು ಕೇಂದ್ರ ಸರ್ಕಾರ 2024ರ ಜುಲೈ ಬಜೆಟ್‌ನಲ್ಲಿ ರದ್ದುಪಡಿಸಿತು. ಆದರೂ ಮಧ್ಯಮ ವರ್ಗದ ಕುಟುಂಬಕ್ಕೆ ಇಂಥ ಔಷಧ ಭಾರವೇ.

ದೂರದ ಸಮಸ್ಯೆಗೆ ಪರಿಹಾರದ ಯತ್ನ ಆರಂಭವಾಗಿದೆ. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂಥ ಬೆಂಗಳೂರಿನ ಆಸ್ಪತ್ರೆಗಳಿಗೆ ದೂರದ ಜಿಲ್ಲೆಗಳಿಂದ ಬರುವವರಿಗೆ ಒಂದು ಸರದಿ ಮುಂದೂಡಿಕೆಯಾದರೂ ಪ್ರಯಾಣ, ವಸತಿ, ಕೂಲಿ ಎಲ್ಲವೂ ನಷ್ಟ. ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಕಿಮೊಥೆರಪಿ ಕೇಂದ್ರಗಳನ್ನು ಆರಂಭಿಸಿದ್ದು ಸರಿಯಾದ ಹೆಜ್ಜೆ. ಆದರೆ ಔಷಧ ಏರಿಸುವ ಮಂಚಗಳಷ್ಟೇ ಸಾಲವು. ಬದಲಾವಣೆಯನ್ನು ವಿವರಿಸಬಲ್ಲ ತರಬೇತಾದ ದಾದಿ, ಕನ್ನಡದಲ್ಲಿ ಬರೆದ ಚಿಕಿತ್ಸಾ ಪುಸ್ತಿಕೆ, ತುರ್ತು ಕರೆಗೆ ಒಂದು ದೂರವಾಣಿ ಸಂಖ್ಯೆ ಪ್ರತಿ ಕೇಂದ್ರದಲ್ಲೂ ಇರಬೇಕು. ಕಿಮೊಥೆರಪಿ ನಡೆಯುತ್ತಿರುವಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ ತುರ್ತುಸ್ಥಿತಿ, ಬೆಳಗಾಗುವವರೆಗೆ ಕಾಯಬಾರದು ಎಂಬ ಒಂದು ಸಾಲಿನ ಸೂಚನೆಯೂ ಜೀವ ಉಳಿಸಬಲ್ಲದು.

ರೋಗಿಗಳ ಕಡೆಯಿಂದಲೂ ಕೇಳಲೇಬೇಕಾದ ನಾಲ್ಕು ಪ್ರಶ್ನೆಗಳಿವೆ: ಬದಲಾವಣೆಗೆ ಕಾರಣವೇನು? ಹಳೆಯ ಕ್ರಮವನ್ನೇ ಮುಂದುವರಿಸಿದರೆ ಏನಾಗಬಹುದು? ಹೊಸ ಕ್ರಮದ ಅವಧಿ, ವೆಚ್ಚ, ಅಡ್ಡಪರಿಣಾಮಗಳೇನು? ಮುಂದಿನ ತೀರ್ಮಾನ ಯಾವ ಪರೀಕ್ಷೆಯ ನಂತರ? ಉತ್ತರಗಳನ್ನು ಬರೆದಿಟ್ಟುಕೊಂಡರೆ, ಎಲ್ಲ ವರದಿಗಳೂ ಒಂದೇ ಕಡತದಲ್ಲಿದ್ದರೆ ಎರಡನೇ ತಜ್ಞರ ಅಭಿಪ್ರಾಯ ಪಡೆಯುವುದೂ ಸುಲಭ.

ಚಿಕಿತ್ಸೆಯ ಯೋಜನೆ ಬದಲಾಯಿತೆಂದರೆ ಸೋಲಾಯಿತೆಂದು ಅರ್ಥವಲ್ಲ. ಹೊಸದಾಗಿ ತಿಳಿದುಬಂದ ಸಂಗತಿಗೆ ವೈದ್ಯಕೀಯ ನೀಡಿದ ಉತ್ತರ ಅದು. ಆ ಉತ್ತರ ರೋಗಿಗೂ ಅರ್ಥವಾಗುವಂತೆ ನೋಡಿಕೊಳ್ಳುವುದು ಆಸ್ಪತ್ರೆಯ ಔದಾರ್ಯವಲ್ಲ, ಕರ್ತವ್ಯ. ಜಾಗೃತಿ ಮಾಸದ ಸಂದೇಶ ಪತ್ತೆಯ ಬಾಗಿಲಲ್ಲೇ ನಿಲ್ಲದೆ ಚಿಕಿತ್ಸಾ ಕೊಠಡಿಯವರೆಗೂ ಸಾಗಬೇಕಾಗಿದೆ.